ನಡುಬಾವಿಯಲ್ಲಿ ನಡೆದವರು

“ಇದನ್ನ ಮುಗಿಸಿದ್ದು ಯಾರು?” ಎಂದು ಕೇಳಿದೆ.

“ಅವನೇ. ಇನ್ಯಾರು ಮುಗಿಸ್ತಾರೆ?”

ಬರಹಗಾರ ನನ್ನ ಮುಖ ನೋಡಲಿಲ್ಲ. ಇಳಿಜಾರು ಮೇಜಿನ ಮೇಲೆ ಹರಡಿದ್ದ ದೊಡ್ಡ ಹಾಳೆಯನ್ನೂ ನೋಡಲಿಲ್ಲ. ಕಿಟಕಿಯಾಚೆ ಯಾರದೋ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳ ಕಡೆ ಕಣ್ಣು ನೆಟ್ಟು ಕೂತಿದ್ದ. ನಲವತ್ತು ವರ್ಷ ಜೊತೆಗಿದ್ದು ಈಗ ಸತ್ತ ಗೆಳೆಯನ ಕೋಣೆಗೆ ನಾನು ಬಲವಂತದಿಂದ ಕರೆತಂದಿದ್ದೆ. ಅವನಿಗೆ ಸಿಟ್ಟು ಬಂದಿದ್ದರೆ ತಪ್ಪಿಲ್ಲ. ಆದರೆ ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ.

ಎರಡು ವಾರದ ಹಿಂದೆ ಒಂದು ಸಂಜೆ ಈ ಕೋಣೆಯ ಒಡೆಯ, ಒಂದು ಕೈಪಿಡಿಗೆ ನಕ್ಷತ್ರನೌಕೆಯ ಚಿತ್ರ ಬಿಡಿಸುತ್ತಿದ್ದ ನಕ್ಷೆಗಾರ, ಬಾಗಿಲಾಚೆಯ ಮೆಟ್ಟಿಲಿನ ಗಿಡ್ಡ ಕೈಪಿಡಿ ಗೋಡೆ ದಾಟಿ ನೆಲಮಹಡಿಗೆ ಬಿದ್ದು ಸತ್ತಿದ್ದ. ಮೇಜಿನ ಮೇಲೆ ಚಿತ್ರ ಪೂರ್ತಿಯಾಗಿತ್ತು. ಶಾಯಿ ಪೆನ್ನುಗಳನ್ನು ತೊಳೆದು ಡಬ್ಬಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿತ್ತು. ಚಿತ್ರ ಮುಗಿಯದೆ ಅವನು ಪೆನ್ನು ತೊಳೆದವನೇ ಅಲ್ಲ ಎಂದು ಬಲ್ಲವರೆಲ್ಲ ಹೇಳಿದರು. ಪೊಲೀಸರ ಲೆಕ್ಕ ಸಲೀಸಾಯಿತು. ಕೆಲಸ ಮುಗಿಸಿದ, ಪೆನ್ನು ತೊಳೆದ, ಹಾರಿದ.

“ಕೈಪಿಡಿ ಬಿಡಿಸೋನು ಕೈಪಿಡಿ ಗೋಡೆ ದಾಟಿ ಹೋದ ಅಂತ ಠಾಣೇಲಿ ಎಲ್ಲರೂ ಅಂತಿದ್ದಾರೆ ಅತ್ತಿಗೆ,” ಎಂದಿದ್ದ ನನ್ನ ಮೈದುನ. ಅವನೇ ಈ ಕೇಸಿನ ಇನ್ಸ್‌ಪೆಕ್ಟರು. ವಿಮಾ ಕಂಪನಿಯಲ್ಲಿ ಬೆಂಕಿ, ಕಳವು, ಸಾವುಗಳ ತನಿಖೆ ಮಾಡಿ ಕೂದಲು ನೆರೆಸಿಕೊಂಡವಳು ನಾನು. ಇಂಥ ಹಾಸ್ಯ ಎಷ್ಟೋ ಕೇಳಿದ್ದೇನೆ. ಆದರೂ ಆವತ್ತು ಅವನಿಗೆ ಕೊಡಬೇಕೆಂದಿದ್ದ ಚಹಾ ನಾನೇ ಕುಡಿದೆ.

ನನಗೆ ಈ ಕೆಲಸ ಕೊಟ್ಟವಳು ಸತ್ತವನ ಹೆಂಡತಿ. ಅವಳಿಗೆ ಕೊಲೆಗಾರ ಬೇಕಾಗಿರಲಿಲ್ಲ. ಆ ದಿನ ಬೆಳಗ್ಗೆ ಅವಳು ಗಂಡನಿಗೆ, “ನಿಮಗೆ ಮನೆಗಿಂತ ಆ ನೌಕೆಯೇ ಹೆಚ್ಚು. ಅಲ್ಲೇ ಇದ್ದುಬಿಡಿ, ಮತ್ತೆ ಈ ಹೊಸ್ತಿಲು ತುಳೀಬೇಡಿ,” ಎಂದಿದ್ದಳು. ಅವನು ಊಟದ ಡಬ್ಬಿ ತೆಗೆದುಕೊಂಡು ತುಟಿ ಬಿಚ್ಚದೆ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇವಳ ಮಾತು ಹೋಗಲೇ ಇಲ್ಲ. ಗಂಟಲಲ್ಲೇ ಸಿಕ್ಕಿಕೊಂಡು ತುತ್ತು ಇಳಿಯದ ಹಾಗೆ ಮಾಡಿತ್ತು.

“ಒಂದೇ ಒಂದು ತಿಳ್ಕೊಂಡು ಬನ್ನಿ ಅಕ್ಕಾ,” ಎಂದಿದ್ದಳು ಈಗಷ್ಟೇ, ಕೆಳಗಿನ ಅಂಗಳದ ಕಲ್ಲುಬೆಂಚಿನ ಮೇಲೆ ಕೂತು. “ಅವರು ನನ್ನ ಮಾತಿಗೇ ಹೋದ್ರಾ, ಇಲ್ವಾ? ಹೋದ್ರು ಅಂದ್ರೆ ಅದನ್ನೂ ಹೇಳಿಬಿಡಿ. ಗೊತ್ತಿಲ್ಲದೆ ಇರೋಕೆ ಆಗ್ತಿಲ್ಲ.”

ಪಕ್ಕದಲ್ಲಿ ಮಗಳು ತಾಯಿಯ ಕೈ ಹಿಡಿದು ಕೂತಿದ್ದಳು. ತಂದೆಯೊಡನೆ ಮುನಿಸಿಕೊಂಡು ಎರಡು ವರ್ಷದಿಂದ ಬೇರೆ ಊರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ, ಸಾವಿನ ಸುದ್ದಿ ಕೇಳಿ ಮರುದಿನ ಬಂದವಳು ತಾಯಿಯ ಬಳಿಯೇ ಉಳಿದಿದ್ದಳು. ಹೆಚ್ಚು ಮಾತಿಲ್ಲ. ನಾನು ಮೆಟ್ಟಿಲು ಹತ್ತುವಾಗ ನನಗೊಂದು ನೀರಿನ ಬಾಟಲಿ ಕೊಟ್ಟಳು.

ಅವರಿಬ್ಬರನ್ನು ಕೆಳಗೆ ಕೂರಿಸಿ ನಾನು ಮೇಲೆ ಬಂದಿದ್ದು ಈ ಬರಹಗಾರನ ಬಾಯಿ ಬಿಡಿಸಲು.

“ಇಂಜಿನಿಯರ್ ಸಾಹೇಬ್ರೇ, ಸ್ವಲ್ಪ ಈ ಕಡೆ ನೋಡಿ,” ಎಂದೆ.

ಅವನು ಇಂಜಿನಿಯರನಲ್ಲ. ಜನ್ಮದಲ್ಲಿ ಒಂದು ಸ್ಕ್ರೂ ತಿರುಗಿಸಿದವನಲ್ಲ. ಆದರೆ ‘ಬೆಳ್ಳಕ್ಕಿ’ಯ ಮುಖ್ಯ ಇಂಜಿನಿಯರ್ ಅವನೇ. ಬೆಳ್ಳಕ್ಕಿ ಎಂದರೆ ವರ್ಷಗಟ್ಟಲೆ ಟೀವಿಯಲ್ಲಿ ಓಡಿದ ಧಾರಾವಾಹಿಯ ನಕ್ಷತ್ರನೌಕೆ. ಅದಕ್ಕೊಂದು ತಾಂತ್ರಿಕ ಕೈಪಿಡಿ ಬಂದಿತ್ತು. ನೌಕೆ ನಿಜವಾಗಿಯೂ ಇದೆ, ಹೊಸದಾಗಿ ಕೆಲಸಕ್ಕೆ ಸೇರಿದವರು ಓದಿ ಕಲಿಯಲಿ ಎಂಬ ಧಾಟಿಯ ಪುಸ್ತಕ. ಮುಖ್ಯ ಇಂಜಿನಿಯರ್ ಎಂಬ ಸಿಡುಕನ ಹೆಸರಿನಲ್ಲಿ ಇವನು ಬರೆದ. ನಕ್ಷೆಗಳನ್ನೆಲ್ಲ ಸತ್ತವನು ಬಿಡಿಸಿದ. ‘ಬಾಗಿಲು ತೆಗೆಯುವ ಮುನ್ನ ಆಚೆ ಗಾಳಿ ಇದೆಯೇ ನೋಡತಕ್ಕದ್ದು. ಇಲ್ಲದಿದ್ದರೆ ತೆಗೆದ ಮೇಲೆ ನೋಡಲು ನೀವು ಇರುವುದಿಲ್ಲ.’ ‘ಅಡುಗೆಯವನು ಒಲೆಯನ್ನು ಎಂಜಿನ್ನಿನ ಬಿಸಿಗಾಳಿಗೆ ಜೋಡಿಸಬಾರದು. ಹಿಂದೊಮ್ಮೆ ಜೋಡಿಸಿದ್ದಾನೆ.’ ಈ ಕೇಸಿಗೋಸ್ಕರ ಓದಲು ಕೂತ ನಾನು ಒಬ್ಬಳೇ ಗಟ್ಟಿಯಾಗಿ ನಕ್ಕಿದ್ದೆ. ಆಮೇಲೆ ಬರೆದವರಲ್ಲೊಬ್ಬನ ಫೋಟೋಗೆ ಹಾರ ಬಿದ್ದಿದೆ ಎಂದು ನೆನಪಾಗಿ ಪುಸ್ತಕ ಮುಚ್ಚಿಟ್ಟೆ.

ಈಗ ಅದೇ ಕೈಪಿಡಿ ಹೊಸದಾಗಿ, ತಿದ್ದುಪಡಿಯೊಂದಿಗೆ ಸಿದ್ಧವಾಗುತ್ತಿತ್ತು. ಮೇಜಿನ ಮೇಲಿದ್ದದ್ದು ಅದರ ಕೊನೆಯ ಚಿತ್ರ.

ನೌಕೆಯನ್ನು ಉದ್ದಕ್ಕೆ ಸೀಳಿ ತೋರಿಸಿದ ನಕ್ಷೆ. ಎಡಗಡೆ ಬಾಲ, ಬಲಗಡೆ ಮೂತಿ. ನಟ್ಟನಡುವೆ ಈ ತುದಿಯಿಂದ ಆ ತುದಿಗೆ ಒಂದು ಉದ್ದನೆಯ ಹಾದಿ, ಅದರ ತಳದುದ್ದಕ್ಕೂ ಸಾಲು ಪಟ್ಟಿಗಳು. ಆ ಹಾದಿಯಲ್ಲಿ ಅಕ್ಕಿಕಾಳಿನಷ್ಟು ಎತ್ತರದ ಆರು ಜನ ಮೂತಿಯ ಕಡೆ ನಡೆಯುತ್ತಿದ್ದರು. ಸೌಟು ಹಿಡಿದ ಅಡುಗೆಯವನು, ಕುಂಟುವ ಡಾಕ್ಟರು, ಹೆಗಲ ಮೇಲೆ ಬೆಕ್ಕು ಕೂರಿಸಿಕೊಂಡ ಕಪ್ತಾನಳು, ಹಿಂದೆ ಇನ್ನು ಮೂವರು. ಭೂತಗನ್ನಡಿ ಇಟ್ಟು ನೋಡಿದರೆ ಬೆಕ್ಕಿಗೆ ಮೀಸೆ ಸಹ ಇತ್ತು.

“ಈ ಮನುಷ್ಯರನ್ನ ಅವನು ಯಾವಾಗ ಬಿಡಿಸ್ತಿದ್ದ?”

“ಕೊನೆಗೆ. ಯಾವತ್ತೂ ಕೊನೆಗೇ. ಮನೆ ಕಟ್ಟಿ ಮುಗಿಸಿ ಆಮೇಲೆ ಜನ ಕರೀಬೇಕು ಅಂತಿದ್ದ.”

“ಹೊಸ ಕೈಪಿಡೀಲಿ ಈ ಹಾದಿಗೆ ಏನಂತ ಹೆಸರು?”

ಉತ್ತರಕ್ಕೆ ಕಾಯದೆ ನಾನು ಚೀಲದಿಂದ ಅವನೇ ಟೈಪು ಮಾಡಿದ ಹೊಸ ಹಸ್ತಪ್ರತಿಯ ಪುಟ ತೆಗೆದು ಓದಿದೆ.

“‘ನೌಕೆಯಲ್ಲಿ ಮೇಲೆ ಎಂದರೆ ಮೂತಿಯ ಕಡೆ, ಕೆಳಗೆ ಎಂದರೆ ಬಾಲದ ಕಡೆ. ಹಿಂದಿನ ಕೈಪಿಡಿಯಲ್ಲಿ ನಡುಓಣಿ ಎಂದು ಕರೆದದ್ದು ಓಣಿಯಲ್ಲ, ಬಾವಿ. ಇನ್ನು ಮುಂದೆ ಅದನ್ನು ನಡುಬಾವಿ ಎನ್ನತಕ್ಕದ್ದು. ಅದರ ಪಟ್ಟಿಗಳು ನೆಲದ ಹಲಗೆಯಲ್ಲ, ಏಣಿಯ ಮೆಟ್ಟಿಲು. ಅಲ್ಲಿ ಹತ್ತತಕ್ಕದ್ದು, ಇಳಿಯತಕ್ಕದ್ದು. ನಡೆಯಲು ಹೋದವರು ಬಾಲದವರೆಗೂ ಬೀಳುತ್ತಾರೆ. ಅವರನ್ನು ಗೋರಿ ತೆಗೆಯುವ ಕೆಲಸ ನನ್ನದಲ್ಲ.’ ಚೆನ್ನಾಗಿ ಬರೆದಿದ್ದೀರಿ.”

“ಅದು ಅವನು ಕಂಡುಹಿಡಿದಿದ್ದು,” ಎಂದ ಬರಹಗಾರ ಮೆಲ್ಲಗೆ. “ಒಂದಿನ ಬಸ್ಸಲ್ಲಿ ನಿಂತಿದ್ನಂತೆ. ಬಸ್ಸು ಗಕ್ಕನೆ ಹೊರಟಿದ್ದಕ್ಕೆ ಹಿಂದಿದ್ದೋರ ಮೈಮೇಲೆ ಬಿದ್ದ. ಅವರು ಬೈತಿದ್ರೆ ಇವನು ನಗ್ತಿದ್ನಂತೆ. ನೌಕೆ ಮುಂದಕ್ಕೆ ನುಗ್ಗುತ್ತೆ ಅಂದ್ರೆ ಒಳಗಿರೋರು ಬಾಲದ ಕಡೆ ಒತ್ತಿಕೊಳ್ತಾರೆ. ಹಾಗಾದ್ರೆ ಬಾಲದ ಕಡೇನೇ ನೆಲ. ನೌಕೆ ಹಡಗಿನ ಹಾಗೆ ಮಲಗಿಲ್ಲ, ಮಹಡಿ ಮನೆ ಹಾಗೆ ನಿಂತಿದೆ. ನೇರ ನಮ್ಮನೆಗೆ ಬಂದ. ‘ಇಷ್ಟು ವರ್ಷ ಅವರನ್ನೆಲ್ಲ ಗೋಡೆ ಮೇಲೆ ನಿಲ್ಲಿಸಿಬಿಟ್ಟಿದ್ದೀವಲ್ಲೋ’ ಅಂತ ಅತ್ತುಬಿಟ್ಟ. ಅಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ?”

ಅಳುವವನು ಅಳುತ್ತಾನೆ. ಇಲ್ಲದ ಆರು ಜನಕ್ಕಾಗಿ ಅತ್ತವನು ಎಂಥವನಿದ್ದಿರಬೇಕು ಎಂದು ನನಗೂ ಒಮ್ಮೆ ನೋಡಬೇಕಿತ್ತು. ನಾನು ಅವನನ್ನು ಬಲ್ಲದ್ದು ಶವಪರೀಕ್ಷೆಯ ವರದಿಯಲ್ಲಿ ಮಾತ್ರ.

ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ ಮೂತಿ ಮೇಲಾಗಿ ನಿಲ್ಲಿಸಿದೆ.

ನೌಕೆ ಎದ್ದು ನಿಂತಿತು. ಉದ್ದನೆಯ ಹಾದಿ ಬಾವಿಯಾಯಿತು, ಪಟ್ಟಿಗಳು ಏಣಿಯಾದವು. ಅಡುಗೆಯವನು, ಡಾಕ್ಟರು, ಬೆಕ್ಕಿನ ಕಪ್ತಾನಳು ಎಲ್ಲರೂ ಬಾವಿಯ ಗೋಡೆಯ ಮೇಲೆ ಅಡ್ಡಡ್ಡ ನಡೆಯುತ್ತಿದ್ದರು.

“ಬಸ್ಸಲ್ಲಿ ಬಿದ್ದು ಅತ್ತೋನು ಇದನ್ನ ಬಿಡಿಸ್ತಾನಾ?” ಎಂದೆ.

ಬರಹಗಾರ ಕಣ್ಣು ಮುಚ್ಚಿಕೊಂಡ.

ಈ ತಪ್ಪು ಎಲ್ಲರಿಗೂ ಮಾಡಲು ಬರುವಂಥದ್ದಲ್ಲ. ಪ್ರಕಾಶಕನ ಮೇಲೆ ನನಗೆ ಮೊದಲು ಅನುಮಾನವಿತ್ತು. ಪುಸ್ತಕ ಬೇಗ ಬೇಕೆಂದು ದಿನಾ ಪೀಡಿಸುತ್ತಿದ್ದ. ಆದರೆ ಅವನಿಗೆ ಅಡುಗೆಯವನು ಯಾರು, ಡಾಕ್ಟರ್ ಯಾರು ಎಂಬುದೇ ಗೊತ್ತಿಲ್ಲ. ಕೇಳಿದರೆ “ಎಲ್ಲಾ ಒಂದೇ ಥರ ಸೂಟು ಹಾಕಿರ್ತಾರಲ್ಲ” ಎಂದ. ಇದನ್ನು ಬಿಡಿಸಿದ ಕೈಗೆ ಡಾಕ್ಟರ ಯಾವ ಕಾಲು ಕುಂಟು ಎಂಬುದು ಗೊತ್ತು. ಬೆಕ್ಕು ಯಾವ ಹೆಗಲ ಮೇಲೆ ಕೂರುತ್ತದೆಂಬುದೂ ಗೊತ್ತು. ಗೊತ್ತಿಲ್ಲದ್ದು ಒಂದೇ, ಓಣಿ ಬಾವಿಯಾದದ್ದು.

“ನಾನೇ ಬಿಡಿಸಿದೆ,” ಎಂದ ಬರಹಗಾರ.

ನಾನು ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟೆ. “ಯಾವಾಗ?”

“ಅವನನ್ನ ಮಣ್ಣು ಮಾಡಿ ಬಂದ ಮೇಲೆ. ನನ್ನ ಹತ್ರ ಈ ಕೋಣೆ ಬೀಗದ ಕೈ ಇದೆ. ಬಂದು ನೋಡ್ತೀನಿ, ಇಡೀ ನೌಕೆ ಖಾಲಿ. ಒಬ್ಬರೂ ಇಲ್ಲ. ನೋಡೋಕಾಗ್ಲಿಲ್ಲ ಮೇಡಂ. ಕೂತು ಬಿಡಿಸಿದೆ, ಪೆನ್ನು ತೊಳೆದಿಟ್ಟೆ, ಹೋದೆ. ಅಷ್ಟೇ. ಇದರಲ್ಲಿ ಅಪರಾಧ ಏನಿದೆ?”

ಚೆನ್ನಾಗಿ ಹೇಳಿದ. ಬರೆಯುವವನಲ್ಲವೇ, ಖಾಲಿ ನೌಕೆಯ ಮಾತು ನನ್ನ ಎದೆಗೂ ನಾಟಿತು. ಒಂದು ಗಳಿಗೆ ಅದನ್ನೇ ನಂಬಿ, ಕೆಳಗಿಳಿದು ಹೋಗಿ ಆ ಹೆಂಗಸಿಗೆ ಹೇಳಿಬಿಡೋಣ ಅನ್ನಿಸಿತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಆದರೆ ಕೂದಲು ಸುಮ್ಮನೆ ನೆರೆತಿಲ್ಲ.

“ಅವನು ಬಿದ್ದ ಸಂಜೆ ಪೊಲೀಸರು ಈ ಮೇಜಿನ ಫೋಟೋ ತೆಗೆದಿದ್ದಾರೆ,” ಎಂದೆ. “ನನ್ನ ಮೈದುನ ಬೆಳಗ್ಗೆ ಕಳಿಸಿದ. ಆ ಫೋಟೋದಲ್ಲಿ ಆರೂ ಜನ ಇದ್ದಾರೆ. ಪೆನ್ನೂ ತೊಳೆದಿದೆ.”

ಅವನ ಕಣ್ಣು ಡಬ್ಬಿಯಲ್ಲಿದ್ದ ಪೆನ್ನುಗಳ ಕಡೆ ಹೋಯಿತು.

“ಅದು ಬಿಡಿ. ‘ನಡುಬಾವಿ’ ಅನ್ನೋ ಪದ ಹುಟ್ಟಿಸಿದ್ದೇ ನೀವು. ಅಲ್ಲಿ ನಡೆಯತಕ್ಕದ್ದಲ್ಲ ಅಂತ ಕಾನೂನು ಬರೆದಿದ್ದೂ ನೀವು. ಬರೆದ ಕೈಯಲ್ಲೇ ಆರು ಜನರನ್ನ ಅಲ್ಲಿ ನಡೆಸ್ತೀರಾ? ಇಂಜಿನಿಯರ್ ಸಾಹೇಬ್ರೇ, ಸುಳ್ಳು ಹೇಳೋಕೂ ಸ್ವಲ್ಪ ತಯಾರಿ ಬೇಕು.”

ಅವನು ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದ ಗೆಳೆಯನ ಸ್ವೆಟರಿನ ತೋಳು ಹಿಡಿದು, ಅದರ ಮೊಣಕೈಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರುತ್ತ ಕೂತ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಬೇಕೆಂಬುದೂ ಅವನಿಗೆ ತೋಚಲಿಲ್ಲ.

“ಯಾರನ್ನ ಕಾಪಾಡ್ತಿದ್ದೀರಿ?”

“ಯಾರನ್ನೂ ಇಲ್ಲ.”

“ಹಳೇ ಕೈಪಿಡಿ ಬಾಯಿಪಾಠ ಇದ್ದು, ಹೊಸದರ ಒಂದು ಪುಟಾನೂ ನೋಡದೇ ಇರೋರು ಯಾರಿದ್ದಾರೆ?”

ಕೇಳುವಾಗ ನನಗೆ ಉತ್ತರ ಗೊತ್ತಿರಲಿಲ್ಲ. ಇದನ್ನು ನೀವು ನಂಬಬೇಕು. ಅವನು ತಲೆಯೆತ್ತಿ ಕಿಟಕಿಯಿಂದ ಕೆಳಗೆ, ಅಂಗಳದ ಕಡೆ ನೋಡಿದ. ನೋಡಿದ್ದೇ ತಪ್ಪಾಯಿತು ಎಂದು ತಕ್ಷಣ ಕಣ್ಣು ಕಿತ್ತುಕೊಂಡ. ಅಷ್ಟು ಹೊತ್ತಿಗೆ ನಾನೂ ನೋಡಿಯಾಗಿತ್ತು.

ಕೆಳಗೆ ಕಲ್ಲುಬೆಂಚಿನ ಮೇಲೆ ಮಗಳು ತಾಯಿಯ ಹೆಗಲಿಗೆ ಜಾರಿದ್ದ ಶಾಲನ್ನು ಸರಿಮಾಡುತ್ತಿದ್ದಳು.

“ಆ ಮಗು ಅಕ್ಷರ ಕಲಿತಿದ್ದೇ ಆ ಪುಸ್ತಕದಲ್ಲಿ,” ಎಂದ ಬರಹಗಾರ. ದನಿ ಒಡೆದಿತ್ತು. “ಶಾಲೆ ಪುಸ್ತಕ ಮುಟ್ತಿರ್ಲಿಲ್ಲ. ಅಪ್ಪನ ತೊಡೆ ಮೇಲೆ ಕೂತು ನ, ಡು, ಓ, ಣಿ ಅಂತ ಬೆರಳಿಟ್ಟು ಓದೋಳು. ಸ್ವಲ್ಪ ದೊಡ್ಡವಳಾದ್ಮೇಲೆ ಮನುಷ್ಯರನ್ನ ಬಿಡಿಸೋ ಕೆಲಸ ಅವಳದೇ. ಬೆಕ್ಕು ಸೇರಿಸಿದ್ದೂ ಅವಳೇ. ಅವನು ಬರೀ ಗೋಡೆ, ಬಾಗಿಲು, ಎಂಜಿನ್ನು. ನನ್ನ ನೌಕೆಗೆ ಜನ ತುಂಬೋಳು ನನ್ನ ಮಗಳು ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ದ.”

“ಆಮೇಲೆ?”

“ಆಮೇಲೆ ಅವರಮ್ಮನಿಗೆ ಆಪರೇಷನ್ ಆಯ್ತಲ್ಲ, ಆವತ್ತು ಇವನು ಆಸ್ಪತ್ರೆಗೆ ಬರೋದು ಮರೆತ. ಇಲ್ಲೇ ಬಾಗಿಲ ತಿರುಗಣಿ ಬಿಡಿಸ್ತಾ ಕೂತಿದ್ದ. ಮಗಳು ಒಬ್ಬಳೇ ಹೊರಗೆ ಬೆಂಚಿನ ಮೇಲೆ. ಅವಳು ಕ್ಷಮಿಸಲಿಲ್ಲ. ಬಟ್ಟೆ ತುಂಬ್ಕೊಂಡು ಹೋದಳು. ಇವನು ಫೋನ್ ಮಾಡಿದ್ರೆ ಎತ್ತುತಿರ್ಲಿಲ್ಲ. ಬಸ್ಸಿನ ಕಥೆ ಅವಳಿಗೆ ಹೇಳಬೇಕು, ಅವಳು ನಗ್ತಾಳೆ ಅಂತಿದ್ದ ಮೇಡಂ. ಹೇಳೋಕೇ ಆಗ್ಲಿಲ್ಲ.”

“ಆ ಸಂಜೆ ನೀವು ಅವಳನ್ನ ನೋಡಿದ್ರಿ.”

ಹೌದೆಂದು ತಲೆಯಾಡಿಸಿದ.

“ಗೇಟಿನ ಹತ್ರ. ನಾನು ಒಳಗೆ ಬರ್ತಿದ್ದೆ, ಅವಳು ಹೊರಗೆ ಹೋಗ್ತಿದ್ದಳು. ಬೆರಳೆಲ್ಲ ಶಾಯಿ. ‘ಮಾವ, ನಾನು ಬಂದಿದ್ದೆ ಅಂತ ಅಮ್ಮನಿಗೆ ಹೇಳಬೇಡಿ’ ಅಂದಳು. ಮುಖ ಬಿಳಿಚಿಕೊಂಡಿತ್ತು. ಏನಾಯ್ತಮ್ಮಾ ಅನ್ನೋಷ್ಟರಲ್ಲಿ ರಸ್ತೆ ದಾಟಿಬಿಟ್ಟಳು. ನಾನು ಒಳಗೆ ಬಂದೆ. ಬಂದ್ರೆ...”

ಮುಂದಿನದು ಪೊಲೀಸ್ ವರದಿಯಲ್ಲಿದೆ. ಮೆಟ್ಟಿಲ ಬುಡದಲ್ಲಿ ಗೆಳೆಯನನ್ನು ಮೊದಲು ಕಂಡವನು ಇವನೇ.

“ಅಪ್ಪ ಮಗಳು ರಾಜಿಯಾದ್ರು ಅಂತಲೇ ನಾನು ಅಂದ್ಕೊಂಡಿದ್ದೀನಿ,” ಎಂದ ಅವಸರವಾಗಿ. “ಇಬ್ಬರೂ ಕೂತು ಚಿತ್ರ ಮುಗಿಸಿದ್ರು. ಅವಳು ಹೊರಟಳು. ಕಳಿಸೋಕೆ ಬಂದೋನು ಕಾಲು ಜಾರಿ ಬಿದ್ದ. ಆಗಬಹುದಲ್ವಾ? ಗೋಡೆ ನೋಡಿ ಎಷ್ಟು ಗಿಡ್ಡ. ಆಗಬಹುದಲ್ವಾ ಮೇಡಂ?”

ಆಗಬಹುದು ಎಂದು ಹೇಳಲು ನನ್ನ ನಾಲಿಗೆ ಎಷ್ಟು ತವಕಿಸಿತೋ ದೇವರೇ ಬಲ್ಲ. ಆದರೆ ಮೇಜಿನ ಮೇಲೆ ಆ ಆರು ಜನ ಇನ್ನೂ ನಡೆಯುತ್ತಲೇ ಇದ್ದರು. ತಂದೆ ಪಕ್ಕದಲ್ಲಿದ್ದಿದ್ದರೆ ಮೊದಲನೇ ಮನುಷ್ಯನ ಮೊದಲನೇ ಕಾಲಿಗೇ ಮಗಳ ಕೈ ಹಿಡಿದುಬಿಡುತ್ತಿದ್ದ. ಬಸ್ಸಿನ ಕಥೆ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಹಾಳೆ ತಿರುಗಿಸಿ ಎಲ್ಲರನ್ನೂ ಏಣಿ ಹತ್ತಿಸುತ್ತಿದ್ದರು.

ಯಾರೂ ಕೈ ಹಿಡಿಯಲಿಲ್ಲ. ಆರು ಜನರನ್ನೂ, ಬೆಕ್ಕಿನ ಮೀಸೆಯನ್ನೂ ಅವಳು ಬಿಡಿಸಿ ಮುಗಿಸುವವರೆಗೆ ಅವನು ಈ ಕೋಣೆಯಲ್ಲಿರಲಿಲ್ಲ. ಎಲ್ಲಿಗೋ ಹೋಗಿ ಬರುತ್ತೇನೆಂದು ಇಳಿದಿದ್ದನೋ, ಇಲ್ಲ ಆಗಲೇ ಕೆಳಗೆ ಬಿದ್ದಿದ್ದನೋ. ಎರಡನೆಯದಾದರೆ, ಅದು ಗೊತ್ತಿದ್ದೂ ಅವಳು ಪೆನ್ನು ಹಿಡಿದು ಕೂತಿದ್ದಳೋ? ಬರಹಗಾರನಿಗೆ ನಾನು ಇದನ್ನು ಹೇಳಲಿಲ್ಲ. ಅವನ ಮುಂದೆ ನೀರಿನ ಬಾಟಲಿ ಇಟ್ಟು ಹೊರಟೆ.

ಮೆಟ್ಟಿಲು ಇಳಿಯುವಾಗ ಗೋಡೆಗೆ ಅಂಟಿಕೊಂಡೇ ಇಳಿದೆ. ಅರ್ಧ ಸತ್ಯ ಸಾಕು ಎಂದು ತೀರ್ಮಾನಿಸಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟು ಮಿಕ್ಕದ್ದನ್ನು ಮೊದಲು ಮಗಳ ಹತ್ತಿರ ಒಬ್ಬಳೇ ಮಾತಾಡುವುದು.

ನನ್ನನ್ನು ಕಂಡು ತಾಯಿ ಎದ್ದು ನಿಂತಳು. ಮಗಳೂ ಎದ್ದಳು.

“ಹೇಳಿ ಅಕ್ಕಾ.”

“ನಿನ್ನ ಮಾತಿಗೆ ಅವನು ಸತ್ತಿಲ್ಲಮ್ಮ. ಆ ಚಿತ್ರ ಮುಗಿಸಿದ್ದು ಅವನಲ್ಲ, ಪೆನ್ನು ತೊಳೆದಿದ್ದೂ ಅವನಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಎದ್ದಿದ್ದಾನೆ. ಸಾಯೋಕೆ ಹೊರಟೋನು ಹಾಗೆ ಏಳಲ್ಲ. ಅವನಿಗೆ ವಾಪಸ್ ಬಂದು ಕೂರೋದಿತ್ತು.”

ಅವಳ ತುಟಿ ಅದುರಿತು. “ಅಂದ್ರೆ, ರಾತ್ರಿ ಮನೆಗೆ ಬರ್ತಿದ್ರಾ?”

“ಬರ್ತಿದ್ದ.”

“ನಾನು ಬರಬೇಡಿ ಅಂದಿದ್ರೂ?”

“ನೀನು ಬರಬೇಡ ಅಂದಿದ್ದು ಅವನಿಗೆ ಹೊಸದೇನಮ್ಮಾ? ಬರ್ತಿದ್ದ.”

ಅವಳು ಬೆಂಚಿನ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಎರಡು ವಾರದಿಂದ ನಾನು ಕಂಡ ಅಳುವಲ್ಲ ಇದು. ಗಂಡ ಸತ್ತ ಹೆಂಗಸು ಅಳುವ ಹಾಗೆ, ಬರೀ ದುಃಖಕ್ಕೆ, ಮೊದಲ ಸಲ ಅತ್ತಳು. ನನ್ನ ಕಣ್ಣೂ ತುಂಬಿತು. ಇಷ್ಟು ವರ್ಷದ ಈ ಕೆಲಸದಲ್ಲಿ ಒಬ್ಬರ ಎದೆಯ ಭಾರ ಇಳಿಸಿದ್ದು ಇದೇ ಮೊದಲು ಎಂದುಕೊಂಡೆ.

ಮುಖ ಒರೆಸಿಕೊಂಡು ಅವಳು ಯಾರು ಬೇಕಾದರೂ ಕೇಳುವ ಪ್ರಶ್ನೆ ಕೇಳಿದಳು.

“ಹಾಗಾದ್ರೆ ಚಿತ್ರ ಮುಗಿಸಿದ್ದು ಯಾರಕ್ಕಾ?”

ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬರಹಗಾರನ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳುವ ಮೊದಲು ನನ್ನ ಕಣ್ಣು, ನನ್ನ ಕೆಟ್ಟ ಕಣ್ಣು, ಒಮ್ಮೆ ಮಗಳ ಕಡೆ ಹೋಗಿ ಬಂತು. ಹುಡುಗಿ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ಅಂಗೈಯೊಳಗೆ ಮಡಚಿಕೊಂಡಳು.

ತಾಯಿ ಅದನ್ನು ನೋಡಿದಳು. ಮಗಳ ಮುಖ ನೋಡಿದಳು. ಆ ಮುಖದಲ್ಲಿ ಅವಳು ಏನು ಓದಿಕೊಂಡಳೋ ನನಗೆ ಗೊತ್ತಿಲ್ಲ; ಹೆತ್ತವರು ಓದುವುದು ಬೇರೆಯವರ ಕಣ್ಣಿಗೆ ಬೀಳುವುದಿಲ್ಲ. ಅಳು ನಿಂತಿತು. ಈಗಷ್ಟೇ ಸಡಿಲವಾಗಿದ್ದ ಭುಜ ಮತ್ತೆ ಬಿಗಿಯಿತು. ಅವಳು ಎದ್ದು ಮಗಳ ಮುಂದೆ, ನನಗೂ ಮಗಳಿಗೂ ನಡುವೆ ಬಂದು ನಿಂತಳು.

“ನಿಮ್ಮ ಲೆಕ್ಕ ತಪ್ಪಿದೆ ಅಕ್ಕಾ,” ಎಂದಳು. “ಚಿತ್ರ ಮುಗಿಸಿದ್ದು ಅವರೇ. ಅವರು ಹಾರಿದ್ದು ನನ್ನ ಮಾತಿಗೇ. ನಿಮ್ಮ ಮೈದುನರಿಗೆ ಹಾಗೇ ಬರ್ಕೊಳ್ಳೋಕೆ ಹೇಳಿ.”

“ಅಮ್ಮಾ, ನಾನು ಆವತ್ತು...”

ತಾಯಿ ಹಿಂದಕ್ಕೆ ತಿರುಗದೆಯೇ ಕೈ ಚಾಚಿ ಮಗಳ ಬಾಯಿ ಮುಚ್ಚಿದಳು.

“ನನ್ನ ಮಾತಿಗೇ ಹೋದ್ರು,” ಎಂದಳು ಮತ್ತೆ. ಕೈ ತೆಗೆಯಲಿಲ್ಲ.